ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಪ್ರೊಸೆಸರ್: ನೂರು ಡಿಗ್ರಿ ಮುಟ್ಟುವ ಬಿಸಿಗೆ ಏನು ಮಾಡಬೇಕು?

ಪ್ರಶ್ನೆ: ನನ್ನ ಬಳಿ ಸೆಕೆಂಡ್ ಹ್ಯಾಂಡ್ ಕೊಂಡ ಲೆನೊವೊ ಥಿಂಕ್‌ಪ್ಯಾಡ್ ಟಿ430 ಲ್ಯಾಪ್‌ಟಾಪ್ ಇದೆ. ಅದರಲ್ಲಿ ಐ5-3320ಎಂ ಪ್ರೊಸೆಸರ್ ಇತ್ತು. ಎರಡು ತಿಂಗಳ ಹಿಂದೆ ಅಂಗಡಿಯಲ್ಲಿ ಅದನ್ನು ತೆಗೆಸಿ ಐ7-3630ಕ್ಯೂಎಂ ಹಾಕಿಸಿದೆ. ಜೊತೆಗೆ 16 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಕೂಡ ಹಾಕಿಸಿದ್ದೇನೆ. ವಿಂಡೋಸ್ 10 ಬಳಸುತ್ತೇನೆ. ಈಗ ಸುಮ್ಮನಿದ್ದಾಗಲೂ 60 ಡಿಗ್ರಿ ಇರುತ್ತದೆ, ಯೂಟ್ಯೂಬ್ ಪಾಠ ನೋಡುವಾಗ 85 ಆಗುತ್ತದೆ. ಪ್ರಾಜೆಕ್ಟ್ ಕಂಪೈಲ್ ಮಾಡಲು ಕೊಟ್ಟರೆ ಎರಡು-ಮೂರು ಸೆಕೆಂಡಿನಲ್ಲೇ 95 ದಾಟಿ, ನೂರರ ಮೇಲೆ ನಿಂತು, ಆಮೇಲೆ ನಿಧಾನವಾಗಿಬಿಡುತ್ತದೆ. ಪ್ರೊಸೆಸರ್ ಸುಟ್ಟುಹೋಗುತ್ತದೆಯೇ? ಕೂಲಿಂಗ್ ಪ್ಯಾಡ್ ಕೊಂಡರೆ ಸರಿಹೋಗುತ್ತದೆಯೇ? – ಸೇಡಂನಿಂದ ಒಬ್ಬ ಓದುಗರು

ಉತ್ತರ: ಪ್ರೊಸೆಸರ್ ಸುಟ್ಟುಹೋಗುವುದಿಲ್ಲ. ನಿಮ್ಮ ಐ7-3630ಕ್ಯೂಎಂಗೆ ಇಂಟೆಲ್ ನಿಗದಿ ಮಾಡಿರುವ ಗರಿಷ್ಠ ಮಿತಿ 105 ಡಿಗ್ರಿ ಸೆಲ್ಸಿಯಸ್. ಆ ಮಿತಿ ಸಮೀಪಿಸಿದಾಗ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತದೆ. ನೀವು ಗಮನಿಸಿರುವ ನಿಧಾನ ಅದೇ. ಅದನ್ನೂ ಮೀರಿ ಬಿಸಿ ಏರಿದರೆ ಯಂತ್ರ ಪೂರ್ತಿ ಆರಿಹೋಗುತ್ತದೆ. ಈ ರಕ್ಷಣೆ ಚಿಪ್‌ನ ಒಳಗೇ ಇರುವುದರಿಂದ ವಿಂಡೋಸ್ ಕೆಟ್ಟರೂ ಅದು ಕೆಲಸ ಮಾಡುತ್ತದೆ.

ಹಾಗೆಂದು ಸುಮ್ಮನೆ ಬಿಡುವಂತಿಲ್ಲ. ನಾಲ್ಕು ಕೋರ್‌ಗಾಗಿ (ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ) ನೀವು ಕೊಟ್ಟ ಹಣ ಈ ಬಿಸಿಯಲ್ಲಿ ಅರ್ಧ ಕರಗಿಹೋಗುತ್ತಿದೆ. ಪ್ರೊಸೆಸರ್ ತಾಳಿಕೊಂಡರೂ ಅದರ ಸುತ್ತಮುತ್ತಲಿನ ಭಾಗಗಳು ಅಷ್ಟು ಗಟ್ಟಿಯಲ್ಲ. ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ಬಿಡಿಭಾಗಗಳು, ಸದಾ ಪೂರ್ಣ ವೇಗದಲ್ಲಿ ತಿರುಗುವ ಫ್ಯಾನಿನ ಬೇರಿಂಗ್, ಬಿಸಿಯಲ್ಲಿ ಬೇಗ ಮುಪ್ಪಾಗುವ ಲಿಥಿಯಂ ಬ್ಯಾಟರಿ ಇವೆಲ್ಲ ನಿಧಾನವಾಗಿ ಪೆಟ್ಟು ತಿನ್ನುತ್ತವೆ.

ಏನು ಬದಲಾಗಿದೆ ಎಂಬುದನ್ನು ಮೊದಲು ನೋಡೋಣ. ಹಳೆಯ ಐ5-3320ಎಂ ಎರಡು ಕೋರ್‌ನ 35 ವಾಟ್ ಪ್ರೊಸೆಸರ್. ನೀವು ಹಾಕಿಸಿರುವುದು ನಾಲ್ಕು ಕೋರ್‌ನ 45 ವಾಟ್ ಪ್ರೊಸೆಸರ್. ಸಾಕೆಟ್ ಒಂದೇ, ಚಿಪ್‌ಸೆಟ್ ಒಪ್ಪಿಕೊಳ್ಳುತ್ತದೆ, ಹಾಕಿದೊಡನೆ ಯಂತ್ರ ಶುರುವಾಗುತ್ತದೆ. ಆದರೆ ಒಳಗೆ ಶಾಖ ಹೊರಹಾಕುವ ಹೀಟ್‌ಸಿಂಕ್, ಅಂದರೆ ತಾಮ್ರದ ಕೊಳವೆ ಮತ್ತು ರೆಕ್ಕೆಗಳು, ಜೊತೆಗೆ ಫ್ಯಾನ್ ಎಲ್ಲವೂ ಹಳೆಯ ಪ್ರೊಸೆಸರ್‌ನ ಅಳತೆಗೆ ಮಾಡಿದವು. ಲೆಕ್ಕ ಅರ್ಥವಾಗಲಿ ಎಂದು ಒಂದು ಉದಾಹರಣೆ ಕೊಡುತ್ತೇನೆ. ಒಂದು ಹೀಟ್‌ಸಿಂಕ್ ಪ್ರತಿ ವಾಟ್‌ಗೆ ಒಂದೂವರೆ ಡಿಗ್ರಿ ಏರಿಕೆ ಬಿಟ್ಟುಕೊಡುತ್ತದೆ ಎಂದು ಇಟ್ಟುಕೊಳ್ಳಿ. ಪ್ರೊಸೆಸರ್ 45 ವಾಟ್ ಎಳೆದರೆ ಕೋಣೆಯ ಬಿಸಿಗಿಂತ 67 ಡಿಗ್ರಿಯಷ್ಟು ಮೇಲಿರುತ್ತದೆ. ಕೋಣೆ 28 ಡಿಗ್ರಿ ಇದ್ದರೆ ಅದು 95ರಲ್ಲಿ ನಿಲ್ಲುತ್ತದೆ. ಕೋಣೆ 40 ಡಿಗ್ರಿ ಇದ್ದರೆ 107 ಆಗಬೇಕು, ಅಂದರೆ ಮಿತಿ ದಾಟಬೇಕು. ಆದ್ದರಿಂದಲೇ ಬೆಂಗಳೂರಿನಲ್ಲಿ ಕುಳಿತವರು "ನನ್ನ ಟಿ430ಯಲ್ಲಿ ಇದೇ ಪ್ರೊಸೆಸರ್ ಚೆನ್ನಾಗಿ ಓಡುತ್ತಿದೆ" ಎಂದರೆ ಅದನ್ನು ಏಪ್ರಿಲ್ ತಿಂಗಳ ಸೇಡಂಗೆ ಹಾಗೇ ತಂದುಕೊಳ್ಳಲಾಗದು. ಕೋಣೆಯ ಪ್ರತಿ ಡಿಗ್ರಿಯೂ ಪ್ರೊಸೆಸರ್‌ನ ಲೆಕ್ಕಕ್ಕೆ ಸೇರುತ್ತದೆ. ಅದೇ ಹೀಟ್‌ಸಿಂಕ್‌ನಲ್ಲಿ, ಅದೇ 40 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ 35 ವಾಟ್ ಮಾತ್ರ ಎಳೆದರೆ 92ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಹತ್ತು ವಾಟ್ ನೆನಪಿರಲಿ, ಮುಂದೆ ಮತ್ತೆ ಬೇಕಾಗುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ನೂರರ ಮೇಲಲ್ಲ, "ಎರಡು-ಮೂರು ಸೆಕೆಂಡಿನಲ್ಲೇ" ಎಂಬುದರ ಮೇಲೆ. ಬಿಸಿ ಎಷ್ಟಕ್ಕೆ ಮುಟ್ಟಿತು ಎನ್ನುವುದಕ್ಕಿಂತ ಹೇಗೆ ಏರಿತು ಎನ್ನುವುದೇ ರೋಗವನ್ನು ತೋರಿಸುತ್ತದೆ. ಎಚ್‌ಡಬ್ಲ್ಯೂಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಸೆನ್ಸರ್ ಕಿಟಕಿ ತೆರೆದಿಟ್ಟು, ಕಂಪೈಲ್‌ಗೆ ಕೊಟ್ಟು ನೋಡುತ್ತಿರಿ. ತಾಮ್ರದ ಕೊಳವೆ ಮತ್ತು ರೆಕ್ಕೆಗಳ ಗುಂಪು ಕಾದು ಬರಲು ಹೊತ್ತು ಬೇಕು. ಹೀಟ್‌ಸಿಂಕ್ ಚಿಕ್ಕದಾಗಿರುವುದಷ್ಟೇ ದೋಷವಾಗಿದ್ದರೆ ಬಿಸಿ ಮೊದಲು 75ಕ್ಕೋ 80ಕ್ಕೋ ಜಿಗಿದು, ಅಲ್ಲಿಂದ ನಿಮಿಷಗಟ್ಟಲೆ ಮೆಲ್ಲಮೆಲ್ಲನೆ ಹತ್ತುತ್ತದೆ. ಒತ್ತಡ ಬಿದ್ದ ಕ್ಷಣದಲ್ಲೇ 60ರಿಂದ 95ಕ್ಕೆ ಹಾರಿ, ಕೆಲಸ ನಿಲ್ಲಿಸಿದೊಡನೆ ಅಷ್ಟೇ ಬೇಗ 65ಕ್ಕೆ ಕುಸಿದರೆ, ಚಿಪ್‌ನ ಶಾಖ ಅದರ ಮೇಲೆ ಕೂರುವ ಹೀಟ್‌ಸಿಂಕ್‌ನ ತಾಮ್ರದ ತಟ್ಟೆಗೆ ಸರಿಯಾಗಿ ದಾಟುತ್ತಿಲ್ಲ ಎಂದರ್ಥ. ನಿಮ್ಮದು ಈ ಎರಡನೆಯ ಬಗೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಖಚಿತಪಡಿಸಿಕೊಳ್ಳಲು ಇನ್ನೆರಡು ಗುರುತುಗಳಿವೆ. ನಾಲ್ಕು ಕೋರ್‌ಗಳ ಬಿಸಿಯನ್ನು ಬೇರೆಬೇರೆಯಾಗಿ ನೋಡಿ. ಪೂರ್ಣ ಒತ್ತಡದಲ್ಲಿ ಕೆಲವು ಡಿಗ್ರಿಗಳ ವ್ಯತ್ಯಾಸ ಸಹಜ. ಹತ್ತು-ಹದಿನೈದು ಡಿಗ್ರಿಯ ಅಂತರ ಕಂಡರೆ ತಟ್ಟೆ ಒಂದು ಬದಿಗೆ ಸರಿಯಾಗಿ ಕೂತಿಲ್ಲ. ಎರಡನೆಯದಕ್ಕೆ ನಿಮ್ಮ ಅಂಗೈ ಸಾಕು. ಯಂತ್ರದ ಎಡಬದಿಯ ಗಾಳಿಕಿಂಡಿಯ ಮುಂದೆ ಕೈ ಹಿಡಿಯಿರಿ. ಪರದೆಯ ಮೇಲೆ 98 ಎಂದಿದ್ದು, ಹೊರಬರುವ ಗಾಳಿ ಜೋರಾಗಿದ್ದೂ ಬರೀ ಬೆಚ್ಚಗಿದ್ದರೆ ಶಾಖ ರೆಕ್ಕೆಗಳವರೆಗೆ ತಲುಪಿಲ್ಲ. ಗಾಳಿ ಕೈ ಸುಡುವಂತಿದ್ದರೆ ಹೀಟ್‌ಸಿಂಕ್ ತನ್ನ ಪಾಲಿನ ಕೆಲಸ ಮಾಡುತ್ತಿದೆ, ಆದರೆ ಸಾಲುತ್ತಿಲ್ಲ. ಫ್ಯಾನ್ ಕೂಗುತ್ತಿದ್ದರೂ ಗಾಳಿಯೇ ಬಾರದಿದ್ದರೆ ಒಳಗೆ ಧೂಳು ಕಟ್ಟಿದೆ.

ಈಗ ಪೇಸ್ಟ್‌ನ ವಿಷಯ, ಅಂದರೆ ಚಿಪ್‌ಗೂ ತಾಮ್ರಕ್ಕೂ ನಡುವೆ ಶಾಖ ದಾಟಿಸಲು ಸವರುವ ಲೇಪ. ಲ್ಯಾಪ್‌ಟಾಪ್ ಪ್ರೊಸೆಸರ್‌ಗೆ ಡೆಸ್ಕ್‌ಟಾಪ್‌ನಂತೆ ಲೋಹದ ಮುಚ್ಚಳವಿಲ್ಲ. ಹಸಿರು ಹಲಗೆಯ ನಡುವೆ ಕನ್ನಡಿಯಂತೆ ಹೊಳೆಯುವ ಸಿಲಿಕಾನ್ ತುಂಡೇ ನೇರವಾಗಿ ತಾಮ್ರಕ್ಕೆ ತಾಗಬೇಕು. ನಾಲ್ಕು ಕೋರ್‌ನ ತುಂಡು ಎರಡು ಕೋರ್‌ನದಕ್ಕಿಂತ ದೊಡ್ಡದು, ಸುಮಾರು 160 ಚದರ ಮಿಲಿಮೀಟರ್, ಆಕಾರದಲ್ಲಿ ಉದ್ದನೆಯ ಆಯತ. ಡೆಸ್ಕ್‌ಟಾಪ್ ಅಭ್ಯಾಸದವರು ನಡುವೆ ಬಟಾಣಿ ಗಾತ್ರದ ಒಂದು ಬೊಟ್ಟು ಇಟ್ಟು ಒತ್ತಿಬಿಡುತ್ತಾರೆ. ಆಗ ಆಯತದ ಎರಡೂ ತುದಿಗಳು ಒಣಗಿಯೇ ಉಳಿಯುವ ಸಾಧ್ಯತೆ ಹೆಚ್ಚು. ಅಲ್ಲಿರುವ ಕೋರ್ ಕಾಯುವುದು ಇದರಿಂದಲೇ. ಇನ್ನೊಂದು ತೊಂದರೆ ಕಾಲ ಕಳೆದಂತೆ ಕಾಣುತ್ತದೆ. ಯಂತ್ರ ಕಾದು, ತಣಿದು, ಮತ್ತೆ ಕಾಯುವಾಗ ಸಿಲಿಕಾನ್ ಮತ್ತು ತಾಮ್ರ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ನಡುವಿನ ನೀರಾದ ಪೇಸ್ಟ್ ದಿನದಿನಕ್ಕೆ ಅಂಚಿನಿಂದ ಹೊರಕ್ಕೆ ಜಾರುತ್ತದೆ. ಹಾಕಿದ ವಾರ ಚೆನ್ನಾಗಿದ್ದು ಎರಡು ತಿಂಗಳಿಗೆ ಕೆಟ್ಟಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಆದ್ದರಿಂದ ಯಂತ್ರವನ್ನು ಮತ್ತೊಮ್ಮೆ ಬಿಚ್ಚಲೇಬೇಕು. ಲೆನೊವೊ ಈ ಮಾದರಿಯ ದುರಸ್ತಿ ಕೈಪಿಡಿಯನ್ನು ಉಚಿತವಾಗಿ ಕೊಟ್ಟಿದೆ, ಯಾವ ಸ್ಕ್ರೂ ಎಲ್ಲಿದೆ ಎಂಬ ಚಿತ್ರಗಳೆಲ್ಲ ಅದರಲ್ಲಿವೆ. ಸ್ಕ್ರೂಡ್ರೈವರ್ ಹಿಡಿಯಲು ಬರುವವರಾದರೆ ನೀವೇ ಮಾಡಬಹುದು ಎಂಬುದು ನನ್ನ ಅಭಿಪ್ರಾಯ. ಈ ಕಾಲದ ತೆಳು ಯಂತ್ರಗಳಂತಲ್ಲದೆ ಟಿ430 ಬಿಚ್ಚಿ ಜೋಡಿಸಲೆಂದೇ ಮಾಡಿದ ಯಂತ್ರ. ಮೊದಲು ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿಕೊಳ್ಳಿ, ಪೇಸ್ಟ್ ಸಡಿಲಾಗುತ್ತದೆ. ಆಮೇಲೆ ಚಾರ್ಜರ್ ಕಿತ್ತು, ಬ್ಯಾಟರಿ ಹೊರತೆಗೆಯಿರಿ. ಕೀಬೋರ್ಡನ್ನೂ ಅದರ ಸುತ್ತಲಿನ ಚೌಕಟ್ಟನ್ನೂ ತೆಗೆದರೆ ಫ್ಯಾನ್ ಸಿಗುತ್ತದೆ. ಹೀಟ್‌ಸಿಂಕನ್ನು ನೆಟ್ಟಗೆ ಕೀಳದೆ, ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಿ ಎತ್ತಿ. ಎತ್ತಿದ ಕೂಡಲೇ ಒರೆಸಿಬಿಡಬೇಡಿ. ತಾಮ್ರದ ಮೇಲೂ ಸಿಲಿಕಾನ್ ಮೇಲೂ ಪೇಸ್ಟ್ ಎಲ್ಲಿ ಉಳಿದಿದೆ, ಎಲ್ಲಿ ಬೋಳಾಗಿದೆ ಎಂದು ನೋಡಿ, ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ನಡುವೆ ಬೋಳಾಗಿ ಅಂಚಿನಲ್ಲಿ ಗುಪ್ಪೆಯಾಗಿದ್ದರೆ ಜಾರಿಹೋಗಿದೆ. ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳುವಾಗಿದ್ದರೆ ಸ್ಕ್ರೂಗಳನ್ನು ಒಂದೇ ಬದಿಯಿಂದ ಬಿಗಿದಿದ್ದಾರೆ.

ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಪಿಎ ಎಂದರೆ ಕೊಡುತ್ತಾರೆ. ಔಷಧ ಅಂಗಡಿಯ ಸ್ಪಿರಿಟ್‌ನಲ್ಲಿ ನೀರಿನಂಶ ಹೆಚ್ಚು. ಹೊಸ ಪೇಸ್ಟನ್ನು ಇಡೀ ಆಯತದ ಮೇಲೆ, ದೋಸೆ ಹಂಚಿಗೆ ಎಣ್ಣೆ ಸವರಿದಷ್ಟು ತೆಳುವಾಗಿ, ಮೂಲೆಯೂ ಬಿಡದಂತೆ ಹರಡಿ. ಹೀಟ್‌ಸಿಂಕ್ ಕೂರಿಸುವಾಗ ಎಲ್ಲ ಸ್ಕ್ರೂಗಳನ್ನೂ ಮೊದಲು ಬರೀ ಕಚ್ಚಿಸಿ, ಆಮೇಲೆ ಎದುರುಬದುರಿನವುಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬನ್ನಿ. ಯಾವ ಪೇಸ್ಟ್ ಎಂದರೆ, ಲ್ಯಾಪ್‌ಟಾಪ್‌ಗೆ ಗಟ್ಟಿಯಾಗಿರುವುದೇ ವಾಸಿ. ರಿಪೇರಿ ಅಂಗಡಿಗಳಲ್ಲಿ ದೊಡ್ಡ ಡಬ್ಬಿಯಿಂದ ತೆಗೆದು ಸವರುವ ಬಿಳಿ ಸಿಲಿಕೋನ್ ಗ್ರೀಸ್ ಖಂಡಿತ ಬೇಡ.

ನನ್ನನ್ನು ಕೇಳಿದರೆ ನಿಮ್ಮಂಥವರಿಗೆ ಪೇಸ್ಟ್‌ಗಿಂತಲೂ ಒಳ್ಳೆಯದು ಹನಿವೆಲ್ ಸಂಸ್ಥೆಯ ಪಿಟಿಎಂ7950 ಹಾಳೆ. ಕೋಣೆಯ ಉಷ್ಣತೆಯಲ್ಲಿ ಅದು ಘನ. ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಸಂದುಗಳನ್ನು ತುಂಬುತ್ತದೆ, ತಣಿದಾಗ ಮತ್ತೆ ಬಿಗಿಯುತ್ತದೆ. ಪೇಸ್ಟ್‌ನಂತೆ ಹೊರಕ್ಕೆ ಜಾರುವುದಿಲ್ಲ. ಬೆಲೆ ಹೆಚ್ಚು, ನಕಲಿ ಹಾಳೆಗಳೂ ಇವೆ, ಆದ್ದರಿಂದ ನಂಬಿಕೆಯ ಮಾರಾಟಗಾರರಿಂದಲೇ ಕೊಳ್ಳಿ. ಬೇಸಿಗೆಯ ನಿಮ್ಮೂರಿನಲ್ಲಿ ಆ ಹಾಳೆ ಕವರಿನಲ್ಲೇ ಮೆತ್ತಗಾಗಿ, ಮೇಲಿನ ಪ್ಲಾಸ್ಟಿಕ್ ಸುಲಿಯುವಾಗ ಹರಿದುಹೋಗುತ್ತದೆ. ಹಾಕುವ ಮುನ್ನ ಕೆಲವು ನಿಮಿಷ ಫ್ರೀಜರ್‌ನಲ್ಲಿಟ್ಟರೆ ಪ್ಲಾಸ್ಟಿಕ್ ಸಲೀಸಾಗಿ ಬಿಡುತ್ತದೆ. ಲಿಕ್ವಿಡ್ ಮೆಟಲ್ ಎಂಬ ಇನ್ನೊಂದನ್ನು ಯಾರಾದರೂ ಹೊಗಳಿದರೆ ಅದರ ಹತ್ತಿರ ಸುಳಿಯಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ವಿದ್ಯುತ್ತನ್ನೂ ಹರಿಸುತ್ತದೆ. ಒಂದು ಹನಿ ಬೋರ್ಡ್ ಮೇಲೆ ಬಿದ್ದರೆ ಯಂತ್ರವೇ ಹೋಯಿತು.

ಹೇಗೂ ಬಿಚ್ಚಿದ್ದೀರಿ, ಧೂಳನ್ನೂ ತೆಗೆಯಿರಿ. ಸೇಡಂ, ವಾಡಿಯ ಕಡೆ ಸಿಮೆಂಟ್ ಕಾರ್ಖಾನೆಗಳಿರುವುದರಿಂದ ಗಾಳಿಯಲ್ಲಿ ನುಣುಪು ಧೂಳು ಇದ್ದೇ ಇರುತ್ತದೆ. ಹೊರಗಿನಿಂದ ಜಾಲರಿ ಸ್ವಚ್ಛವಾಗಿಯೇ ಕಾಣುತ್ತದೆ. ಧೂಳು ಕೂರುವುದು ಫ್ಯಾನ್ ಮತ್ತು ರೆಕ್ಕೆಗಳ ನಡುವಿನ ಸಂದಿನಲ್ಲಿ, ಕಂಬಳಿಯ ತುಂಡಿನಂತೆ ಹೆಣೆದುಕೊಂಡು. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಇನ್ನಷ್ಟು ಒಳಗೆ ಸರಿಯುತ್ತದೆ. ಬಿಚ್ಚಿದಾಗ ಚಿಮುಟದಿಂದ ಎಳೆದರೆ ಇಡಿಯಾಗಿ ಕೈಗೆ ಬರುತ್ತದೆ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಇಷ್ಟು ಮಾಡಿದರೆ ಆ ಮೊದಲ ಜಿಗಿತ ತಗ್ಗುತ್ತದೆ. ಆದರೂ 45 ವಾಟ್ ಎಂಬುದು 45 ವಾಟೇ. ನಿಮ್ಮ ಊರಿನ ಬೇಸಿಗೆಯಲ್ಲಿ ಈ ಹೀಟ್‌ಸಿಂಕ್ ಅದನ್ನು ನೆಮ್ಮದಿಯಾಗಿ ಹೊರಹಾಕಲಾರದು. ಆದ್ದರಿಂದ ಹುಟ್ಟುವ ಶಾಖವನ್ನೇ ಕಡಿಮೆ ಮಾಡಬೇಕು. ಇದರಿಂದ ವೇಗ ತುಂಬಾ ಕಳೆದುಹೋಗುತ್ತದೆ ಎಂದು ಹೆದರುವವರೇ ಹೆಚ್ಚು. ಆ ಹೆದರಿಕೆ ಬೇಕಿಲ್ಲ. ಪ್ರೊಸೆಸರ್ ಎಳೆಯುವ ವಿದ್ಯುತ್ತು ಗಡಿಯಾರದ ವೇಗಕ್ಕೆ ಅನುಗುಣವಾಗಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. ವೇಗ ಇಳಿದಾಗ ಬೇಕಾಗುವ ವೋಲ್ಟೇಜೂ ಇಳಿಯುತ್ತದೆ. ವೇಗವನ್ನು ಶೇಕಡಾ 10ರಷ್ಟು ಇಳಿಸಿ, ಅದರೊಂದಿಗೆ ವೋಲ್ಟೇಜ್ ಶೇಕಡಾ 5ರಷ್ಟು ಇಳಿದರೆ ಶಾಖ ಶೇಕಡಾ 19ರಷ್ಟು ಕಡಿಮೆಯಾಗುತ್ತದೆ. ಕೊಟ್ಟದ್ದು ಸ್ವಲ್ಪ, ಪಡೆದದ್ದು ಅದರ ಎರಡರಷ್ಟು.

ಅತಿ ಸುಲಭದ ದಾರಿ ವಿಂಡೋಸ್‌ನಲ್ಲೇ ಇದೆ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಕೆಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99ಕ್ಕೆ ಇಳಿಸಿ. ಒಂದು ಅಂಕಿಯ ಬದಲಾವಣೆ, ಆದರೆ ಟರ್ಬೊ, ಅಂದರೆ ಬೇಕಾದಾಗ ಮೂಲ ವೇಗಕ್ಕಿಂತ ಮೇಲೇರುವ ಸೌಲಭ್ಯ, ಪೂರ್ತಿ ನಿಲ್ಲುತ್ತದೆ, ಪ್ರೊಸೆಸರ್ 2.4 ಗಿಗಾಹರ್ಟ್ಸ್ ದಾಟುವುದಿಲ್ಲ. ಬೇಸಿಗೆಯ ಮಧ್ಯಾಹ್ನಗಳಿಗೆ ಇದು ಸಾಕು. ಆದರೆ ವರ್ಷವಿಡೀ ಹೀಗೇ ಇಡುವುದು ನನಗೆ ಒಪ್ಪಿಗೆಯಿಲ್ಲ. ಒಂದೇ ಕೋರ್ ದುಡಿಯುವಾಗ 3.4 ಗಿಗಾಹರ್ಟ್ಸ್‌ವರೆಗೆ ಹೋಗುವ ಪ್ರೊಸೆಸರ್‌ನ ಕೈಯನ್ನು ಸುಮ್ಮನೆ ಕಟ್ಟಿಹಾಕಿದಂತಾಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಲ್ಲಿದೆ. ಅದರ ಟಿಪಿಎಲ್ ಕಿಟಕಿಯಲ್ಲಿ ದೀರ್ಘಾವಧಿಯ ವಿದ್ಯುತ್ ಮಿತಿಯನ್ನು 45ರಿಂದ 35 ವಾಟ್‌ಗೆ ಇಳಿಸಿ. ಯಂತ್ರದ ಬಯೋಸ್ (ಮದರ್‌ಬೋರ್ಡ್‌ನಲ್ಲೇ ಇರುವ ಮೂಲ ತಂತ್ರಾಂಶ) ಆ ಮಿತಿಗೆ ಬೀಗ ಹಾಕಿರದಿದ್ದರೆ ಅದು ಒಪ್ಪಿಕೊಳ್ಳುತ್ತದೆ. ಆಗ ಒಂದೆರಡು ಕೋರ್‌ನ ಕೆಲಸಕ್ಕೆ ಟರ್ಬೊ ಎಂದಿನಂತೆ ಸಿಗುತ್ತದೆ, ನಾಲ್ಕೂ ಕೋರ್ ಒಟ್ಟಿಗೆ ದುಡಿಯುವಾಗ ಮಾತ್ರ ಲಗಾಮು ಬೀಳುತ್ತದೆ.

ಕೊಳ್ಳುವ ಮುನ್ನ ನೀವು ಕೇಳಿದ್ದರೆ ಐ7-3632ಕ್ಯೂಎಂ ಕೊಳ್ಳಿ ಎನ್ನುತ್ತಿದ್ದೆ. ಅದೂ ನಾಲ್ಕು ಕೋರ್, ಅದೇ ಸಾಕೆಟ್, ವೇಗ 200 ಮೆಗಾಹರ್ಟ್ಸ್ ಕಡಿಮೆ, ಆದರೆ 35 ವಾಟ್. ಈಗ ಅದಕ್ಕಾಗಿ ಮತ್ತೆ ಹಣ ಸುರಿಯಬೇಡಿ. ನಿಮ್ಮ 3630ಕ್ಯೂಎಂಗೆ 35 ವಾಟ್‌ನ ಮಿತಿ ಹಾಕಿದರೆ ಅದು ಬಹುಮಟ್ಟಿಗೆ ಅದರಂತೆಯೇ ವರ್ತಿಸುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿರುವುದರಿಂದ ಮುಂದೆ ಲಿನಕ್ಸ್‌ಗೆ ಹೋಗುವ ಯೋಚನೆ ನಿಮಗಿದ್ದರೆ, ಅಲ್ಲಿ ಟಿಎಲ್‌ಪಿ ಎಂಬ ತಂತ್ರಾಂಶದಿಂದ ಟರ್ಬೊ ನಿಲ್ಲಿಸಬಹುದು, ಗರಿಷ್ಠ ವೇಗಕ್ಕೂ ಮಿತಿ ಹಾಕಬಹುದು.

ಅಂಡರ್‌ವೋಲ್ಟ್ ಮಾಡಿ ಎಂಬ ಸಲಹೆಯೂ ನಿಮಗೆ ಬರಬಹುದು. ವೇಗ ಹಾಗೇ ಇಟ್ಟು ವೋಲ್ಟೇಜ್ ಮಾತ್ರ ಇಳಿಸುವ ಆ ಸೌಲಭ್ಯ ಇಂಟೆಲ್‌ನ ನಾಲ್ಕನೆಯ ತಲೆಮಾರಿನಿಂದ ಈಚೆಯ ಲ್ಯಾಪ್‌ಟಾಪ್‌ಗಳದ್ದು. ನಿಮ್ಮದು ಮೂರನೆಯ ತಲೆಮಾರು, ಅದರಲ್ಲಿ ಹೊತ್ತು ಕಳೆಯಬೇಡಿ. ಈಚೆಯ ಯಂತ್ರಗಳಲ್ಲೂ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ 2019ರ ಡಿಸೆಂಬರ್‌ನಲ್ಲಿ ಬಹಿರಂಗವಾದ ಮೇಲೆ ಅನೇಕ ತಯಾರಕರು ಬಯೋಸ್ ಅಪ್‌ಡೇಟ್ ಮೂಲಕ ಆ ಬಾಗಿಲು ಮುಚ್ಚಿದ್ದಾರೆ.

ಯೂಟ್ಯೂಬ್ ನೋಡುವಾಗ 85 ಆಗುವುದಕ್ಕೆ ಕಾರಣ ಬೇರೆಯೇ ಇದೆ, ಮತ್ತು ಅದಕ್ಕೆ ಸ್ಕ್ರೂಡ್ರೈವರ್ ಬೇಡ. ನಿಮ್ಮ ಪ್ರೊಸೆಸರ್‌ನ ಒಳಗಿರುವ ಎಚ್‌ಡಿ 4000 ಗ್ರಾಫಿಕ್ಸ್‌ಗೆ ಎಚ್.264 ಎಂಬ ಹಳೆಯ ಬಗೆಯ ವಿಡಿಯೊ ಬಿಡಿಸುವ ಪ್ರತ್ಯೇಕ ಯಂತ್ರಾಂಶವಿದೆ. ವಿಪಿ9, ಎವಿ1 ಎಂಬ ಹೊಸ ಬಗೆಗಳಿಗೆ ಇಲ್ಲ. ಯೂಟ್ಯೂಬ್ ಸಾಮಾನ್ಯವಾಗಿ ಕಳಿಸುವುದು ಈ ಹೊಸ ಬಗೆಗಳನ್ನೇ. ಆಗ ಇಡೀ ಕೆಲಸ ಕೋರ್‌ಗಳ ತಲೆಗೆ ಬೀಳುತ್ತದೆ. ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆದು, ಕೋಡೆಕ್ಸ್ ಎಂಬ ಸಾಲಿನಲ್ಲಿ ಏನಿದೆ ನೋಡಿ. ವಿಪಿ09 ಅಥವಾ ಎವಿ01 ಎಂದಿದ್ದರೆ ಬ್ರೌಸರ್‌ಗೆ ಎಚ್264ಇಫೈ ಎಂಬ ಎಕ್ಸ್‌ಟೆನ್ಷನ್ ಹಾಕಿ, ಪುಟವನ್ನು ಮತ್ತೆ ತೆರೆಯಿರಿ. ಅದೇ ಸಾಲಿನಲ್ಲಿ ಎವಿಸಿ1 ಎಂದು ಬಂದರೆ ಕೆಲಸವಾಯಿತು. ಇದರಲ್ಲಿ 1080ಪಿಗಿಂತ ಹೆಚ್ಚಿನ ಗುಣಮಟ್ಟ ಸಿಗುವುದಿಲ್ಲ, ಆದರೆ ಟಿ430ಯ ಪರದೆಗೆ ಅದಕ್ಕಿಂತ ಹೆಚ್ಚು ಬೇಕೂ ಇಲ್ಲ. ನಿಮ್ಮಂತೆ ದಿನವೂ ವಿಡಿಯೊ ಪಾಠ ನೋಡುವವರಿಗೆ ಇದರಷ್ಟು ಅಗ್ಗದ ಪರಿಹಾರ ಬೇರೊಂದಿಲ್ಲ.

ಸುಮ್ಮನಿದ್ದಾಗಿನ 60 ಡಿಗ್ರಿ ಬೇಸಿಗೆಯ ಕೋಣೆಯಲ್ಲಿ ಆತಂಕದ ಅಂಕಿಯಲ್ಲ. ಪೇಸ್ಟ್ ಬದಲಿಸಿದ ಮೇಲೆ ಅದು ತಾನಾಗಿಯೇ ಕೆಲವು ಡಿಗ್ರಿ ಇಳಿಯುತ್ತದೆ. ಇಳಿಯದಿದ್ದರೆ ಎಚ್‌ಡಬ್ಲ್ಯೂಇನ್ಫೊದಲ್ಲಿ ಪ್ಯಾಕೇಜ್ ಪವರ್, ಅಂದರೆ ಪ್ರೊಸೆಸರ್ ಎಳೆಯುತ್ತಿರುವ ಒಟ್ಟು ವಿದ್ಯುತ್ತು, ನೋಡಿ. ಏನೂ ಮಾಡದಿರುವಾಗಲೂ ಹದಿನೈದು-ಇಪ್ಪತ್ತು ವಾಟ್ ತೋರಿಸುತ್ತಿದ್ದರೆ ಹಿನ್ನೆಲೆಯಲ್ಲಿ ಯಾವುದೋ ಪ್ರೋಗ್ರಾಂ ದುಡಿಯುತ್ತಿದೆ ಎಂದರ್ಥ, ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಕ್ಕಿಬೀಳುತ್ತದೆ.

ಚಾರ್ಜರ್ ಮೇಲೂ ಒಮ್ಮೆ ಕಣ್ಣಾಡಿಸಿ. ಈ ಮಾದರಿಗೆ 65 ವಾಟ್‌ನದೂ ಬರುತ್ತಿತ್ತು, 90 ವಾಟ್‌ನದೂ ಬರುತ್ತಿತ್ತು. ನಾಲ್ಕು ಕೋರ್ ದುಡಿಯುತ್ತ, ಬ್ಯಾಟರಿಯೂ ತುಂಬುತ್ತಿರುವಾಗ 65 ವಾಟ್ ಸಾಲದೆ ಯಂತ್ರ ನಿಧಾನವಾಗಬಹುದು. ಬಿಸಿ ಎಂಬತ್ತರ ಒಳಗಿದ್ದೂ ವೇಗ ಬಿದ್ದುಹೋಗುತ್ತಿದ್ದರೆ ಅನುಮಾನ ಚಾರ್ಜರ್ ಮೇಲಿರಲಿ.

ಕೂಲಿಂಗ್ ಪ್ಯಾಡ್ ಬಗ್ಗೆ ಕೇಳಿದ್ದೀರಿ. ಅದು ಕೆಲವು ಡಿಗ್ರಿ ಇಳಿಸುತ್ತದೆ, ಆದರೆ ಚಿಪ್‌ಗೂ ತಾಮ್ರಕ್ಕೂ ನಡುವಿನ ದೋಷ ಹಾಗೆಯೇ ಇರುವಾಗ ಹೊರಗಿನಿಂದ ಎಷ್ಟು ಗಾಳಿ ಬೀಸಿದರೂ ಪ್ರಯೋಜನವಿಲ್ಲ. ಈಗಲೇ ಕೊಳ್ಳಬೇಡಿ. ಯಂತ್ರದ ಹಿಂಬದಿಗೆ ಎರಡು ಅಂಗುಲದ ಮರದ ತುಂಡು ಕೊಟ್ಟು ಎತ್ತರಿಸಿದರೆ ಅಡಿಯಿಂದ ಗಾಳಿ ಎಳೆಯಲು ದಾರಿಯಾಗುತ್ತದೆ, ಪ್ಯಾಡ್‌ನ ಬಹುಪಾಲು ಲಾಭ ಅಲ್ಲೇ ಸಿಗುತ್ತದೆ. ಹಾಸಿಗೆಯ ಮೇಲಿಟ್ಟು ಕೆಲಸ ಮಾಡುವುದನ್ನಂತೂ ಬಿಡಿ. ಮನೆಯಲ್ಲಿ ನೀರಿನ ಕೂಲರ್ ಇದ್ದರೆ ಕೋಣೆ ತಂಪಾಗುವುದು ನಿಮ್ಮ ಯಂತ್ರಕ್ಕೂ ಒಳ್ಳೆಯದೇ, ಆದರೆ ಲ್ಯಾಪ್‌ಟಾಪನ್ನು ಅದರ ಗಾಳಿಯ ನೇರಕ್ಕೆ ಇಡಬೇಡಿ. ಆ ತೇವ, ಈ ಧೂಳು ಎರಡೂ ಸೇರಿ ರೆಕ್ಕೆಗಳ ನಡುವೆ ಗಾರೆಯಂತೆ ಗಟ್ಟಿಯಾಗುತ್ತವೆ.

ಪೇಸ್ಟ್ ಬದಲಿಸಿ, ಧೂಳು ತೆಗೆದು, 35 ವಾಟ್‌ಗೆ ಮಿತಿ ಹಾಕಿ, ಸಂಜೆಯ ತಂಪಿನಲ್ಲಿ ಹತ್ತು ನಿಮಿಷ ಪೂರ್ಣ ಒತ್ತಡ ಕೊಟ್ಟು ನೋಡಿ. 90ರ ಒಳಗೆ ನಿಂತರೆ ಬೇಸಿಗೆಯನ್ನು ಧೈರ್ಯವಾಗಿ ದಾಟಬಹುದು. ಆಗಲೂ 95 ದಾಟಿದರೆ, ಗಾಳಿಕಿಂಡಿಯಿಂದ ಬರೀ ಬೆಚ್ಚನೆಯ ಗಾಳಿ ಬರುತ್ತಿದ್ದರೆ, ತಾಮ್ರದ ಕೊಳವೆಯೇ ಸತ್ತಿರಬಹುದು. ಅದರೊಳಗಿನ ದ್ರವ ಸೋರಿಹೋದರೆ ಹೊರಗಿನಿಂದ ಏನೂ ತಿಳಿಯುವುದಿಲ್ಲ. ಆಗ ಹೀಟ್‌ಸಿಂಕ್ ಬದಲಿಸಬೇಕು. ಬದಲಿಸುವುದೇ ಆದರೆ, ಇದೇ ಟಿ430ಯಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದ ಮಾದರಿಗೆ ಬರುತ್ತಿದ್ದ ದೊಡ್ಡ ಹೀಟ್‌ಸಿಂಕ್ ಸಿಗುತ್ತದೆಯೇ ವಿಚಾರಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗೆ ಹೋಗುವವರಿದ್ದರೆ ನಿಮ್ಮ ಹೀಟ್‌ಸಿಂಕ್‌ನ ಚಿತ್ರವನ್ನೂ ಅದರ ಮೇಲಿನ ಬಿಡಿಭಾಗದ ಸಂಖ್ಯೆಯನ್ನೂ ಕೊಟ್ಟು ಕಳಿಸಿ. ಸ್ಕ್ರೂ ರಂಧ್ರಗಳು, ಫ್ಯಾನಿನ ತಂತಿಯ ತುದಿ ಎರಡೂ ಹೊಂದುತ್ತವೆಯೇ ಎಂದು ಪಕ್ಕದಲ್ಲಿಟ್ಟು ನೋಡಿಯೇ ಹಣ ಕೊಡಲಿ. ಹಳೆಯ ಯಂತ್ರದಿಂದ ಕಳಚಿದ್ದು ಸಿಕ್ಕರೆ ಫ್ಯಾನನ್ನು ಬೆರಳಿನಿಂದ ತಿರುಗಿಸಿ ಕಿವಿಗೊಡಬೇಕು. ಕರಕರ ಸದ್ದು ಬಂದರೆ ಅದು ಬೇಡ.